ಐದು ವಿಕಲೆಗಳ ವೃತ್ತಾಂತ

ಮನೆ ಕಟ್ಟುವ ಗಾರೆಯವನು ಗೋಡೆಯು ನೆಟ್ಟಗಿದೆಯೇ ಇಲ್ಲವೇ ಎಂಬುದನ್ನು ತಿಳಿಯಬೇಕಾದರೆ ನೂಲಿಗೆ ಕಟ್ಟಿದ ಗುಂಡನ್ನು ಇಳಿಬಿಟ್ಟು ನೋಡುವನು. ಆ ನೂಲು ಸುಳ್ಳು ಹೇಳದೆಂಬುದೇ ಅವನ ಕಸುಬಿನ ಮೊದಲ ನಂಬಿಕೆ. ಗೋಡೆ ವಾಲಿರಬಹುದು, ಕಲ್ಲು ಸರಿದಿರಬಹುದು. ನೂಲು ಮಾತ್ರ ವಾಲದು. ಗಾರೆಯವನಿಗೆ ಸಾಲುವ ಈ ನಂಬಿಕೆಯು ಭೂಮಂಡಲವನ್ನೇ ಅಳೆಯಹೊರಟವರಿಗೆ ಸಾಲದೆಹೋಯಿತು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಭರತಖಂಡದ ಮಹಾ ತ್ರಿಕೋಣಮಿತಿ ಮೋಜಿಣಿಯ ಲೆಕ್ಕದಲ್ಲಿ ಐದು ವಿಕಲೆಗಳಷ್ಟು ವ್ಯತ್ಯಾಸವು ಕಂಡುಬಂದಿತು. ವೃತ್ತದ ಒಂದು ಅಂಶಕ್ಕೆ ಅರುವತ್ತು ಕಲೆಗಳು. ಒಂದು ಕಲೆಗೆ ಅರುವತ್ತು ವಿಕಲೆಗಳು. ಒಂದು ಅಂಗುಲ ಅಗಲದ ಬಿಲ್ಲೆಯೊಂದನ್ನು ಐದು ಫರ್ಲಾಂಗು ದೂರದಲ್ಲಿರಿಸಿ ನೋಡಿದರೆ ಅದು ಕಣ್ಣಿನಲ್ಲಿ ಎಷ್ಟು ಕೋನವನ್ನು ಉಂಟುಮಾಡುವುದೋ ಅಷ್ಟೇ ಈ ಐದು ವಿಕಲೆಗಳ ಪರಿಮಾಣ. ಇಷ್ಟು ಸಣ್ಣ ವ್ಯತ್ಯಾಸವು ಯಾರೂ ಇಳಿದು ನೋಡಲಾರದ ಭೂಗರ್ಭದ ರಚನೆಯನ್ನು ತಿಳಿಯುವುದಕ್ಕೆ ಹೇಗೆ ದಾರಿಯಾಯಿತೆಂಬುದೇ ಈ ಲೇಖನದ ವಿಷಯ.

ಭೂಮಿಯು ತನ್ನ ಸುತ್ತಲಿನ ಭಾರವಾದ ವಸ್ತುಗಳನ್ನು ಸ್ವಶಕ್ತಿಯಿಂದ ತನ್ನೆಡೆಗೆ ಸೆಳೆಯುವುದೆಂಬ ಮಾತನ್ನು ಭಾಸ್ಕರಾಚಾರ್ಯರು ೧೧೫೦ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿಯೇ ಹೇಳಿರುವರು. ಆದರೆ ಆ ಸೆಳೆತದ ಪ್ರಮಾಣವೆಷ್ಟು, ಅದು ಎಲ್ಲ ಸ್ಥಳಗಳಲ್ಲಿಯೂ ಒಂದೇ ಸಮನಾಗಿರುವುದೇ ಎಂಬ ಪ್ರಶ್ನೆಗಳಿಗೆ ಅಳತೆಯಿಂದಲ್ಲದೆ ಉತ್ತರ ದೊರೆಯದು. ೧೬೮೭ರಲ್ಲಿ ನ್ಯೂಟನನು, ಜಗತ್ತಿನ ಪ್ರತಿಯೊಂದು ದ್ರವ್ಯಕಣವೂ ಮತ್ತೊಂದನ್ನು ಸೆಳೆಯುವುದೆಂದೂ, ದ್ರವ್ಯರಾಶಿಯು ಹೆಚ್ಚಿದಂತೆ ಆಕರ್ಷಣವು ಹೆಚ್ಚುವುದೆಂದೂ, ದೂರದ ವರ್ಗಕ್ಕನುಸಾರವಾಗಿ ಅದು ಕಡಿಮೆಯಾಗುವುದೆಂದೂ ಪ್ರತಿಪಾದಿಸಿದನು. ಇದರಿಂದ ಒಂದು ವಿಚಿತ್ರವಾದ ಫಲಿತಾರ್ಥವು ಹೊರಡುವುದು. ಅದೆಂತೆಂದರೆ: ಬೆಟ್ಟದ ಬದಿಯಲ್ಲಿ ತೂಗಬಿಟ್ಟ ಗುಂಡನ್ನು ಭೂಮಿಯು ಕೆಳಕ್ಕೆ ಸೆಳೆಯುವಂತೆಯೇ ಬೆಟ್ಟವೂ ಪಕ್ಕಕ್ಕೆ ಸೆಳೆಯಬೇಕು. ಹಾಗಾದರೆ ಬೆಟ್ಟದ ಬಳಿಯಲ್ಲಿ ಲಂಬಸೂತ್ರವು ನಿಜವಾದ ಲಂಬವಾಗಿರಲಾರದು.

ಆಕರ್ಷಣವನ್ನು ಪರೀಕ್ಷಿಸಲು ಅಂದಿನವರಿಗೆ ಎರಡು ಸಾಧನಗಳಿದ್ದುವು. ಸೆಳೆತದ ದಿಕ್ಕನ್ನು ತೋರಿಸುವುದು ಲಂಬಸೂತ್ರ. ಸೆಳೆತದ ಬಲವನ್ನು ತೋರಿಸುವುದು ಗಡಿಯಾರದಲ್ಲಿ ಆಡುವ ಲೋಲಕ. ಸೆಳೆತವು ಹೆಚ್ಚಾದಲ್ಲಿ ಲೋಲಕವು ಬೇಗಬೇಗನೆ ತೂಗುವುದು. ಕಡಿಮೆಯಾದಲ್ಲಿ ಮೆಲ್ಲಗೆ ತೂಗುವುದು. ೧೬೭೨ರಲ್ಲಿ ರಿಷೇ ಎಂಬ ಫ್ರೆಂಚ್ ಜ್ಯೋತಿರ್ವಿದನು ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಗಡಿಯಾರವನ್ನು ವಿಷುವದ್ರೇಖೆಗೆ ಸಮೀಪವಾದ ಕಾಯೆನ್ ಎಂಬ ಸ್ಥಳಕ್ಕೆ ಒಯ್ದಾಗ, ಅದು ದಿನವೊಂದಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿಯೂ ನಡುವಿನಲ್ಲಿ ಉಬ್ಬಿಯೂ ಇರುವುದೆಂಬುದಕ್ಕೆ ನ್ಯೂಟನನು ಈ ಸಂಗತಿಯನ್ನೂ ಸಾಕ್ಷ್ಯವಾಗಿ ತೆಗೆದುಕೊಂಡನು. ಗಡಿಯಾರದ ತಪ್ಪೆಂದು ತಳ್ಳಿಬಿಡಬಹುದಾಗಿದ್ದ ಒಂದು ಸಂಗತಿಯು ಭೂಮಿಯ ಆಕಾರವನ್ನು ಹೇಳಿತು.

ಬೆಟ್ಟದ ಸೆಳೆತವನ್ನು ಮೊದಲು ಅಳೆಯಲೆಳಸಿದವನು ಬೂಗೇ ಎಂಬ ಇನ್ನೊಬ್ಬ ಫ್ರೆಂಚ್ ವಿದ್ವಾಂಸ. ಅವನು ೧೭೩೮ರಲ್ಲಿ ದಕ್ಷಿಣ ಅಮೆರಿಕೆಯ ಚಿಂಬೊರಾಜೋ ಪರ್ವತದ ಪಾರ್ಶ್ವದಲ್ಲಿ ನಕ್ಷತ್ರಗಳನ್ನು ನೋಡಿ ಲಂಬಸೂತ್ರದ ಬಾಗನ್ನು ನಿರ್ಣಯಿಸಿದನು. ಬಾಗು ಇದ್ದದ್ದು ನಿಜ. ಆದರೆ ಅಷ್ಟು ದೊಡ್ಡ ಪರ್ವತಕ್ಕೆ ಇರಬೇಕಾದುದಕ್ಕಿಂತ ಅದು ತೀರ ಕಡಿಮೆಯಾಗಿತ್ತು. ಅನಂತರ ೧೭೭೪ರಲ್ಲಿ ಇಂಗ್ಲೆಂಡಿನ ರಾಜಜ್ಯೋತಿಷಿಯಾದ ಮ್ಯಾಸ್ಕಲೀನನು ಸ್ಕಾಟ್ಲೆಂಡಿನ ಶಿಹಾಲಿಯನ್ ಎಂಬ ಬೆಟ್ಟದ ಎರಡು ಬದಿಗಳಲ್ಲಿಯೂ ಇಂತಹುದೇ ಪರೀಕ್ಷೆಯನ್ನು ನಡೆಸಿ, ಬೆಟ್ಟವು ಗುಂಡನ್ನು ಸೆಳೆಯುವುದೆಂಬುದನ್ನು ನಿಸ್ಸಂದೇಹವಾಗಿ ತೋರಿಸಿದನು. ಆ ಅಳತೆಗಳಿಂದ ಹಟ್ಟನ್ ಎಂಬ ಗಣಿತಜ್ಞನು ಇಡೀ ಭೂಮಿಯ ಸರಾಸರಿ ಸಾಂದ್ರತೆಯು ನೀರಿಗಿಂತ ಸುಮಾರು ನಾಲ್ಕೂವರೆ ಮಡಿ ಎಂದು ಲೆಕ್ಕಹಾಕಿದನು. ನಿಜವಾದ ಮೌಲ್ಯವು ಐದೂವರೆ ಎಂದು ಆಮೇಲೆ ಗೊತ್ತಾಯಿತು. ಸಣ್ಣ ಬೆಟ್ಟವು ತನ್ನ ಪಾಲಿನ ಸೆಳೆತವನ್ನು ತೋರಿಸಿತು. ದೊಡ್ಡ ಪರ್ವತವೇಕೆ ತೋರಿಸಲಿಲ್ಲವೆಂಬ ಪ್ರಶ್ನೆಯು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರವು ದೊರೆಯಬೇಕಾದದ್ದು ಹಿಮಾಲಯದ ಸಾನ್ನಿಧ್ಯದಲ್ಲಿ.

ಆ ಉತ್ತರಕ್ಕೆ ಕಾರಣವಾದ ಮೋಜಿಣಿಯು ಆರಂಭವಾದದ್ದು ಕನ್ನಡನಾಡಿನಲ್ಲಿಯೇ ಎನ್ನಬಹುದು. ೧೭೯೯ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗಿಯಾಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನಿಕಾಧಿಕಾರಿಯು, ಯುದ್ಧವು ಮುಗಿದ ಬಳಿಕ, ದಕ್ಷಿಣದ ಪರ್ಯಾಯದ್ವೀಪವನ್ನು ಸಮುದ್ರದಿಂದ ಸಮುದ್ರದವರೆಗೆ ತ್ರಿಕೋಣಗಳಿಂದ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟನು. ೧೮೦೦ರಲ್ಲಿ ಬೆಂಗಳೂರಿನ ಬಳಿ ಪರೀಕ್ಷಾರ್ಥವಾಗಿ ಒಂದು ಆಧಾರರೇಖೆಯನ್ನು ಅಳೆದನು. ೧೮೦೨ರಲ್ಲಿ ಮದರಾಸಿನಲ್ಲಿ ಮುಖ್ಯ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋಣಗಳ ಸರಣಿಯನ್ನು ಪಶ್ಚಿಮಕ್ಕೆ ನಡೆಸಿಕೊಂಡು ಬಂದು, ೧೮೦೪ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ರೇಖೆಯನ್ನು ತಾಳೆಗಾಗಿ ಅಳೆಸಿದನು. ಮದರಾಸಿನಿಂದ ಗಣಿತದ ಮೂಲಕ ಬಂದ ಉದ್ದಕ್ಕೂ ಸರಪಳಿಯಿಂದ ನೆಲದ ಮೇಲೆ ಅಳೆದ ಉದ್ದಕ್ಕೂ ನಾಲ್ಕಂಗುಲದಷ್ಟೂ ಅಂತರವಿರಲಿಲ್ಲ. ಏಳು ಮೈಲಿಗಳ ರೇಖೆಯಲ್ಲಿ ಇಷ್ಟು ಸಾಮ್ಯ! ಇಂತಹ ಕಟ್ಟುನಿಟ್ಟಿನ ಪದ್ಧತಿಯು ಬೇರೂರಿದ್ದುದರಿಂದಲೇ ಮುಂದೆ ಐದು ವಿಕಲೆಗಳ ವ್ಯತ್ಯಾಸವು ಮಾತನಾಡಲು ಶಕ್ತವಾಯಿತು. ಒರಟು ಅಳತೆಯಲ್ಲಿ ಸೂಕ್ಷ್ಮ ಸತ್ಯವು ಕಾಣಿಸದಷ್ಟೆ.

ಲ್ಯಾಂಬ್ಟನನು ೧೮೨೩ರಲ್ಲಿ ಹಿಂಗನಘಾಟಿನಲ್ಲಿ ತೀರಿಕೊಂಡ ಮೇಲೆ ಕಾರ್ಯಭಾರವು ಜಾರ್ಜ್ ಎವರೆಸ್ಟನ ಕೈಗೆ ಬಂದಿತು. ಕನ್ಯಾಕುಮಾರಿಯ ಸಮೀಪದಿಂದ ಹಿಮಾಲಯದ ಬುಡದವರೆಗೆ ಸುಮಾರು ಒಂದೂವರೆ ಸಾವಿರ ಮೈಲಿ ಹಬ್ಬಿದ ಮಹಾ ಯಾಮ್ಯೋತ್ತರ ರೇಖೆಯನ್ನು ಪೂರ್ಣಗೊಳಿಸಿದವನು ಅವನೇ. ಅರ್ಧ ಟನ್ ತೂಕದ ಕೋನಮಾಪಕ ಯಂತ್ರವನ್ನು ಬೆಟ್ಟಗಳ ಮೇಲಕ್ಕೆ ಹೊತ್ತವರು, ಕಾಡು ಕಡಿದವರು, ರಾತ್ರಿಯ ಹೊತ್ತು ದೀಪಗಳನ್ನು ಹಿಡಿದು ನಿಂತವರು ಈ ದೇಶದ ಕಲಾಸಿಗಳು. ಜ್ವರದಿಂದ ಮಡಿದವರಲ್ಲಿ ಬಹುಮಂದಿಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಲೆಕ್ಕಗಳನ್ನು ಮಾಡಿದವರಲ್ಲಿ ೧೮೩೧ರಲ್ಲಿ ಕೆಲಸಕ್ಕೆ ಸೇರಿದ ವಂಗದೇಶದ ರಾಧಾನಾಥ ಸಿಕ್ದಾರರು ಪ್ರಮುಖರು.

ಈ ಮಹಾರೇಖೆಯಲ್ಲಿ ಮೂರು ಸ್ಥಾನಗಳು ಮುಖ್ಯವಾದುವು. ದಕ್ಷಿಣದಲ್ಲಿ ಬೀದರಿಗೆ ಸಮೀಪವಾದ ದಮರ್ಗಿಡಾ; ನಡುವೆ ಮಾಳವದ ಸಿರೋಂಜಿನ ಬಳಿಯ ಕಲ್ಯಾಣಪುರ; ಉತ್ತರದಲ್ಲಿ ಮುಜಫ್ಫರನಗರದ ಹತ್ತಿರದ ಕಲಿಯಾನಾ. ಕಲಿಯಾನಾ ಗ್ರಾಮವು ಹಿಮಾಲಯದ ಬುಡದಿಂದ ಸುಮಾರು ಅರುವತ್ತು ಮೈಲಿ ದೂರದಲ್ಲಿದೆ. ಪರ್ವತದ ಸೆಳೆತವು ಲಂಬಸೂತ್ರವನ್ನು ಕೆಡಿಸೀತೆಂಬ ಭಯವು ಎವರೆಸ್ಟನಿಗೂ ಇದ್ದುದರಿಂದ ಅವನು ಬೆಟ್ಟಗಳ ಮೇಲಣ ಸ್ಥಾನವನ್ನು ಬಿಟ್ಟು ಈ ಬಯಲಿನ ಗ್ರಾಮವನ್ನು ಆರಿಸಿಕೊಂಡಿದ್ದನು.

ಕಲ್ಯಾಣಪುರಕ್ಕೂ ಕಲಿಯಾನಾಕ್ಕೂ ಇರುವ ಅಕ್ಷಾಂಶಗಳ ಅಂತರವನ್ನು ಎರಡು ಬಗೆಯಿಂದ ನಿರ್ಣಯಿಸಲಾಯಿತು. ಮೊದಲನೆಯದು ಭೂಮಿಯ ಮೇಲಣ ಅಳತೆ: ತ್ರಿಕೋಣಗಳ ಸರಣಿಯಿಂದ ದೂರವನ್ನು ಕಂಡುಹಿಡಿದು ಅದನ್ನು ಅಂಶಗಳಿಗೆ ತಿರುಗಿಸುವುದು. ಎರಡನೆಯದು ಆಕಾಶದ ಅಳತೆ: ಎರಡೂ ಸ್ಥಾನಗಳಲ್ಲಿ ನಕ್ಷತ್ರಗಳು ನೆತ್ತಿಯ ಬಿಂದುವಿನಿಂದ ಎಷ್ಟು ದೂರದಲ್ಲಿ ಹಾಯುವುವೆಂಬುದನ್ನು ನೋಡುವುದು. ನೆತ್ತಿಯ ಬಿಂದುವನ್ನು ನಿಶ್ಚಯಿಸುವುದು ಲಂಬಸೂತ್ರದಿಂದ ತಾನೆ? ಭೂಮಿಯ ಲೆಕ್ಕದಂತೆ ಅಂತರವು ೫ ಅಂಶ, ೨೩ ಕಲೆ, ೪೨.೨೯೪ ವಿಕಲೆ, ಆಕಾಶದ ಲೆಕ್ಕದಂತೆ ೫ ಅಂಶ, ೨೩ ಕಲೆ, ೩೭.೦೫೮ ವಿಕಲೆ. ವ್ಯತ್ಯಾಸ ೫.೨೩೬ ವಿಕಲೆ. ನೆಲದ ಮೇಲೆ ಇದು ಸುಮಾರು ಐನೂರಮೂವತ್ತು ಅಡಿ. ಎರಡು ಸ್ಥಾನಗಳ ನಡುವಣ ದೂರವು ಮುನ್ನೂರೆಪ್ಪತ್ತು ಮೈಲಿಗಳಿಗೂ ಮೇಲ್ಪಟ್ಟಿರುವಾಗ ಐನೂರು ಅಡಿಗಳಿಗೆ ಯಾರು ಚಿಂತಿಸುವರು? ಆದರೆ ನಾಲ್ಕಂಗುಲದ ಅಂತರವನ್ನೂ ಬರೆದಿಡುತ್ತಿದ್ದ ಸಂಪ್ರದಾಯದಲ್ಲಿ ಐನೂರು ಅಡಿಗಳನ್ನು ನುಂಗುವುದು ಶಕ್ಯವಿರಲಿಲ್ಲ. ಎವರೆಸ್ಟನು ಇದನ್ನು ಅಳತೆಯಲ್ಲಿ ಸೇರಿಕೊಂಡ ದೋಷವೆಂದು ಭಾವಿಸಿದನು; ಆದರೂ ೧೮೪೭ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅಂಕಿಗಳನ್ನು ಇದ್ದುದಿದ್ದಂತೆ, ವಿಕಲೆಯ ಸಹಸ್ರಾಂಶದವರೆಗೆ ಅಚ್ಚುಹಾಕಿಸಿದನು. ಈ ಪ್ರಾಮಾಣಿಕತೆಯ ಫಲವನ್ನು ಉಂಡವರು ಬೇರೆಯವರು.

ಆಗ ಕಲಕತ್ತೆಯಲ್ಲಿ ಆರ್ಚ್‌ಡೀಕನ್ ಎಂಬ ಕ್ರೈಸ್ತ ಧರ್ಮಾಧಿಕಾರದಲ್ಲಿದ್ದ ಜಾನ್ ಹೆನ್ರಿ ಪ್ರಾಟ್ ಎಂಬಾತನು ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಆಳವಾಗಿ ಅಭ್ಯಾಸ ಮಾಡಿದವನು. ಈ ಐದು ವಿಕಲೆಗಳು ಅಳತೆಗಾರರ ತಪ್ಪಲ್ಲ, ಹಿಮಾಲಯದ ಸೆಳೆತವೇ ಇದಕ್ಕೆ ಕಾರಣವಿರಬೇಕೆಂದು ಅವನಿಗೆ ತೋರಿತು. ಪರ್ವತವು ಉತ್ತರದಲ್ಲಿರುವುದರಿಂದ ಗುಂಡು ಉತ್ತರಕ್ಕೆ ಸರಿಯುವುದು. ನೆತ್ತಿಯ ಬಿಂದುವು ದಕ್ಷಿಣಕ್ಕೆ ವಾಲುವುದು. ಅಕ್ಷಾಂಶವು ಇರುವುದಕ್ಕಿಂತ ಕಡಿಮೆಯಾಗಿ ತೋರುವುದು. ಕಲಿಯಾನಾವು ಪರ್ವತಕ್ಕೆ ಹತ್ತಿರವಾದುದರಿಂದ ಅಲ್ಲಿ ಈ ದೋಷವು ಹೆಚ್ಚು, ಕಲ್ಯಾಣಪುರದಲ್ಲಿ ಕಡಿಮೆ. ಆದುದರಿಂದ ಆಕಾಶದ ಲೆಕ್ಕದ ಅಂತರವು ಭೂಮಿಯ ಲೆಕ್ಕಕ್ಕಿಂತ ಕಿರಿದಾಗಬೇಕು. ಕಂಡುಬಂದದ್ದೂ ಹಾಗೆಯೇ. ವ್ಯತ್ಯಾಸದ ದಿಕ್ಕು ಸರಿಹೋಯಿತು.

ಇನ್ನು ಅದರ ಪ್ರಮಾಣವೂ ಸರಿಹೋಗುವುದೇ ಎಂಬುದನ್ನು ನೋಡಬೇಕಾಗಿತ್ತು. ಹಿಮಾಲಯವನ್ನೂ ಅದರಾಚೆಯ ಎತ್ತರದ ಭೂಮಿಯನ್ನೂ ಖಂಡಖಂಡವಾಗಿ ವಿಂಗಡಿಸಿ, ಒಂದೊಂದು ಖಂಡದ ಎತ್ತರವನ್ನೂ ದೂರವನ್ನೂ ಹಿಡಿದು, ಅದು ಗುಂಡನ್ನು ಎಷ್ಟು ಸೆಳೆಯುವುದೆಂಬುದನ್ನು ಪ್ರಾಟನು ಲೆಕ್ಕಹಾಕಿದನು. ಕಲಿಯಾನಾದಲ್ಲಿ ೨೭.೮೫೩ ವಿಕಲೆ, ಕಲ್ಯಾಣಪುರದಲ್ಲಿ ೧೧.೯೬೮ ವಿಕಲೆ, ಅಂತರ ೧೫.೮೮೫ ವಿಕಲೆ. ಅರ್ಥಾತ್, ಐದು ವಿಕಲೆಗಳ ವ್ಯತ್ಯಾಸವನ್ನು ವಿವರಿಸಹೋದವನಿಗೆ ಸುಮಾರು ಹದಿನಾರು ವಿಕಲೆಗಳು ದೊರೆತುವು! ಸಮಸ್ಯೆಯು ತೀರುವುದಕ್ಕೆ ಬದಲಾಗಿ ಮೂರು ಮಡಿಯಾಯಿತು. ಪರ್ವತದ ಗಾತ್ರವನ್ನು ಎಷ್ಟು ತಗ್ಗಿಸಿ ನೋಡಿದರೂ ಲೆಕ್ಕವು ಐದಕ್ಕೆ ಇಳಿಯಲೊಲ್ಲದು. ಗಣಿತವನ್ನು ಬಾಗಿಸಿ ಉತ್ತರವನ್ನು ಸರಿಪಡಿಸುವ ಆಶೆಗೆ ಒಳಗಾಗದೆ ಪ್ರಾಟನು ಈ ವಿಷಮ ಫಲಿತಾಂಶವನ್ನೇ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು. ೧೮೫೪ರ ಡಿಸೆಂಬರಿನಲ್ಲಿ ಅದನ್ನು ಅಲ್ಲಿ ಓದಲಾಯಿತು. ಕೆಲವು ವಾರಗಳೊಳಗಾಗಿ ಅಲ್ಲಿನ ರಾಜಜ್ಯೋತಿಷಿಯಾದ ಜಾರ್ಜ್ ಏರಿಯು ಕೆಲವೇ ಪುಟಗಳ ಒಂದು ಉತ್ತರವನ್ನು ಬರೆದನು.

ಏರಿಯ ವಾದಸರಣಿಯು ಸರಳವಾದುದು. ಭೂಮಿಯ ಮೇಲ್ಪದರವು ಅದರಡಿಯ ಹೆಚ್ಚು ಸಾಂದ್ರವಾದ ಪದಾರ್ಥದ ಮೇಲೆ ತೇಲುತ್ತಿರುವಂತಹುದು. ನೀರಿನಲ್ಲಿ ತೇಲುವ ಮರದ ತೊಲೆಗಳಲ್ಲಿ ಯಾವ ತೊಲೆಯ ತಲೆಯು ಮಿಕ್ಕವುಗಳಿಗಿಂತ ಎತ್ತರವಾಗಿ ಕಾಣುವುದೋ ಅದರ ತಳವು ಮಿಕ್ಕವುಗಳಿಗಿಂತ ಆಳಕ್ಕೆ ಮುಳುಗಿರುವುದು ನಿಶ್ಚಯ. ಹಾಗೆಯೇ ಎತ್ತರವಾದ ಪರ್ವತಕ್ಕೆ ಆಳವಾದ ಬೇರಿರಬೇಕು. ಆ ಬೇರು ಸುತ್ತಲಿನ ಸಾಂದ್ರವಾದ ಪದಾರ್ಥದ ಸ್ಥಾನವನ್ನು ಆಕ್ರಮಿಸಿದ ಹಗುರವಾದ ಶಿಲೆ. ಮೇಲೆ ಕಾಣುವ ಪರ್ವತವು ಗುಂಡನ್ನು ಎಷ್ಟು ಸೆಳೆಯುವುದೋ, ಕೆಳಗೆ ಕಾಣದ ಬೇರಿನ ಹಗುರತನವು ಅದರಲ್ಲಿ ಬಹುಭಾಗವನ್ನು ಕಳೆದುಬಿಡುವುದು. ಮಿಕ್ಕುಳಿದದ್ದೇ ಎವರೆಸ್ಟನ ಐದು ವಿಕಲೆ. ಚಿಂಬೊರಾಜೋ ಪರ್ವತವು ಬೂಗೇಯ ಗುಂಡನ್ನು ಸಾಕಷ್ಟು ಸೆಳೆಯಲಿಲ್ಲವೇಕೆಂಬ ಹಳೆಯ ಪ್ರಶ್ನೆಗೂ ಇಲ್ಲಿ ಉತ್ತರವು ದೊರೆಯಿತು.

ಪ್ರಾಟನು ಇದನ್ನು ಒಪ್ಪಲಿಲ್ಲ. ೧೮೫೯ರಲ್ಲಿ ಅವನು ಬೇರೊಂದು ಸಮಾಧಾನವನ್ನು ಮುಂದಿಟ್ಟನು. ಹುದುಗು ಬಂದ ಹಿಟ್ಟು ಪಾತ್ರೆಯಲ್ಲಿ ಉಬ್ಬಿ ಮೇಲಕ್ಕೇರುವುದು. ಆದರೆ ಅದರ ತೂಕವು ಹೆಚ್ಚುವುದಿಲ್ಲ. ಅದರಂತೆ ಪರ್ವತಪ್ರದೇಶದ ಶಿಲೆಗಳು ಆಳದಿಂದಲೇ ಹಿಗ್ಗಿ ಮೇಲಕ್ಕೆದ್ದಿವೆ. ಎತ್ತರವು ಹೆಚ್ಚಿದಷ್ಟೂ ಸಾಂದ್ರತೆಯು ತಗ್ಗಿದೆ. ಬೇರೆಂಬುದಿಲ್ಲ, ತಳವು ಎಲ್ಲೆಡೆಯೂ ಸಮ ಎಂಬುದು ಅವನ ಮತ. ಈ ಎರಡು ಮತಗಳಿಗೂ ಸಾಧಾರಣವಾದ ತತ್ತ್ವವೊಂದುಂಟು. ಒಂದು ಆಳದಲ್ಲಿ ಲೆಕ್ಕಹಾಕಿದರೆ ಪರ್ವತದ ಕಂಬಕ್ಕೂ ಬಯಲಿನ ಕಂಬಕ್ಕೂ ಭಾರವು ಸರಿಸಮನಾಗಿರುವುದು ಎಂಬುದೇ ಅದು. ಈ ಸಮತೋಲಸ್ಥಿತಿಗೆ ಅಮೆರಿಕೆಯ ಡಟ್ಟನ್ ಎಂಬ ಭೂಶಾಸ್ತ್ರಜ್ಞನು ‘ಐಸೋಸ್ಟಸಿ’ ಎಂದು ನಾಮಕರಣ ಮಾಡಿದನು. ೧೮೮೯ರ ಅವನ ಉಪನ್ಯಾಸದಿಂದ ಆ ಹೆಸರು ಪ್ರಸಿದ್ಧವಾಯಿತು.

ಲಂಬಸೂತ್ರವು ದಿಕ್ಕನ್ನಷ್ಟೇ ಹೇಳಬಲ್ಲುದು. ಪರ್ವತದಡಿಯಲ್ಲಿ ನಿಜವಾಗಿಯೂ ದ್ರವ್ಯದ ಕೊರತೆಯುಂಟೇ ಎಂಬುದನ್ನು ತಿಳಿಯಲು ಸೆಳೆತದ ಬಲವನ್ನೇ ಅಳೆಯಬೇಕಾಗಿದ್ದಿತು. ಅದಕ್ಕಾಗಿ ರಾಯಲ್ ಸೊಸೈಟಿಯು ಎರಡು ಲೋಲಕಗಳನ್ನು ಭರತಖಂಡದ ಮೋಜಿಣಿಗೆ ಎರವಲಾಗಿ ಕೊಟ್ಟಿತು. ೧೮೬೫ರಲ್ಲಿ ಆ ಕಾರ್ಯವನ್ನು ವಹಿಸಿಕೊಂಡವನು ಕ್ಯಾಪ್ಟನ್ ಜೇಮ್ಸ್ ಪಲ್ಲೇಡಿಯೋ ಬಸೇವಿ. ಕೆಲಸವು ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಲೋಲಕವನ್ನು ಗಾಳಿ ತೆಗೆದ ಪಾತ್ರೆಯೊಳಗೆ ತೂಗಬಿಟ್ಟು, ಎದುರಿಗೆ ಗಡಿಯಾರವನ್ನಿರಿಸಿ, ಎರಡರ ತೂಗಾಟವೂ ಯಾವ ಯಾವ ಕ್ಷಣದಲ್ಲಿ ಒಂದಾಗುವುದೆಂಬುದನ್ನು ದೂರದರ್ಶಕದಿಂದ ನೋಡಿ ಬರೆದುಕೊಳ್ಳಬೇಕು. ಗಡಿಯಾರವನ್ನು ನಕ್ಷತ್ರಗಳಿಂದ ತಾಳೆನೋಡಬೇಕು. ಉಷ್ಣವು ಸ್ವಲ್ಪ ಏರಿದರೂ ಲೋಹವು ಹಿಗ್ಗಿ ಲೆಕ್ಕವು ಕೆಡುವುದು. ದಿನವೊಂದಕ್ಕೆ ಸುಮಾರು ಎಂಬತ್ತಾರು ಸಾವಿರ ತೂಗಾಟಗಳಲ್ಲಿ ಒಂದೆರಡು ಹೆಚ್ಚೋ ಕಡಿಮೆಯೋ ಎಂಬುದೇ ಅನ್ವೇಷಣೆಯ ವಿಷಯ. ಬಂದ ಅಂಕಿಯಿಂದ ಆ ಸ್ಥಳದ ಅಕ್ಷಾಂಶಕ್ಕೆ ಸಲ್ಲತಕ್ಕ ಪಾಲನ್ನೂ ಎತ್ತರಕ್ಕೆ ಸಲ್ಲತಕ್ಕ ಪಾಲನ್ನೂ ಮೇಲಣ ಶಿಲೆಯ ಸೆಳೆತವನ್ನೂ ಜಮಾಖರ್ಚಿನಂತೆ ಕಳೆದು ಕೂಡಿಸಿದ ಮೇಲೆ ಯಾವ ಶೇಷವು ನಿಲ್ಲುವುದೋ ಅದೇ ಭೂಗರ್ಭದ ಸುದ್ದಿ.

ಬಸೇವಿಯು ಹಿಮಾಲಯದ ತಪ್ಪಲಿನ ಡೆಹರಾಡೂನಿನಿಂದ ಕನ್ಯಾಕುಮಾರಿಯ ಬಳಿಯ ಪುನ್ನೆಯವರೆಗೆ ಮಹಾರೇಖೆಯುದ್ದಕ್ಕೂ ಲೋಲಕಗಳನ್ನು ತೂಗಿಸಿದನು. ಬೆಂಗಳೂರಿನಲ್ಲಿ ಎರಡು ಸ್ಥಾನಗಳಲ್ಲಿಯೂ ಕರಾವಳಿಯ ಮಂಗಳೂರಿನಲ್ಲಿಯೂ ಅವನ ಲೋಲಕಗಳು ಆಡಿದುವು. ಸಮುದ್ರದ ನಡುವಣ ಮಿನಿಕಾಯ್ ದ್ವೀಪದಲ್ಲಿಯೂ ಪರೀಕ್ಷೆ ನಡೆಯಿತು. ಕೊನೆಗೆ ಉಳಿದದ್ದು ಪರ್ವತದ ಅಂತರಂಗ. ೧೮೭೧ರಲ್ಲಿ ಅವನು ಲಡಾಖಿನ ಮೋರೆ ಎಂಬ ಬಯಲಿಗೆ, ಸಮುದ್ರಮಟ್ಟದಿಂದ ಹದಿನೈದು ಸಾವಿರ ಅಡಿಗಳಿಗೂ ಮೇಲ್ಪಟ್ಟ ಎತ್ತರಕ್ಕೆ, ಭಾರವಾದ ಉಪಕರಣಗಳನ್ನು ಸಾಗಿಸಿಕೊಂಡು ಹೋಗಿ, ಅಲ್ಲಿ ಪರೀಕ್ಷೆಯನ್ನು ಮುಗಿಸಿದನು. ಅಷ್ಟಕ್ಕೆ ಹಿಂದಿರುಗಬಹುದಾಗಿತ್ತು. ಆದರೆ ಇನ್ನೂ ಎತ್ತರದ ಮತ್ತೊಂದು ಸ್ಥಾನವು ದೊರೆತರೆ ಫಲಿತಾಂಶವು ಸಂಶಯಾತೀತವಾಗುವುದೆಂದು ಚಾಂಗ್ ಚೆನ್ಮೋ ಪ್ರದೇಶದ ಕಡೆಗೆ ಮುಂದುವರಿದನು. ಆ ಶೀತವನ್ನೂ ಆ ವಿರಳವಾದ ಗಾಳಿಯನ್ನೂ ದೇಹವು ತಾಳಲಿಲ್ಲ. ೧೮೭೧ರ ಜುಲೈ ೧೭ರಂದು ಅವನು ತನ್ನ ಬಿಡಾರದಲ್ಲಿ ಮೃತನಾದನು. ವಯಸ್ಸು ನಲವತ್ತು ತುಂಬಿರಲಿಲ್ಲ. ಪ್ರಾಟನು ಬಸೇವಿಯ ಲೋಲಕಗಳ ಅಂಕಿಗಳನ್ನು ತನ್ನ ಮತಕ್ಕೆ ಪೋಷಕವಾಗಿ ವಿಚಾರಿಸುತ್ತಿದ್ದನಷ್ಟೆ. ಅವನೂ ಅದೇ ವರ್ಷದ ಡಿಸೆಂಬರಿನಲ್ಲಿ ಘಾಜೀಪುರದಲ್ಲಿ ತೀರಿಕೊಂಡನು.

ಉಳಿದ ಪರೀಕ್ಷೆಗಳನ್ನು ಹೆವಿಸೈಡ್ ಎಂಬ ಅಧಿಕಾರಿಯು ಪೂರೈಸಿದನು. ೧೮೭೯ರಲ್ಲಿ ಎಲ್ಲವೂ ಗ್ರಂಥರೂಪದಲ್ಲಿ ಪ್ರಕಟವಾಯಿತು. ಫಲಿತಾಂಶವು ಲೋಕದ ಸಾಮಾನ್ಯ ಊಹೆಗೆ ತಿರುಗುಮುರುಗಾಗಿದ್ದಿತು. ಭೂಮಿಯು ಎಲ್ಲಿ ಉನ್ನತವಾಗಿದೆಯೋ ಅಲ್ಲಿ ಶೇಷವು ಕೊರತೆ. ಕರಾವಳಿಯಲ್ಲಿಯೂ ಸಮುದ್ರಮಧ್ಯದ ಮಿನಿಕಾಯಿನಲ್ಲಿಯೂ ಶೇಷವು ಅಧಿಕ. ಮೋರೆಯ ಬಯಲಿನಲ್ಲಿ ಲೋಲಕವು ತನ್ನಡಿಯಲ್ಲಿ ಹದಿನೈದು ಸಾವಿರ ಅಡಿಗಳ ಶಿಲೆಯೇ ಇಲ್ಲವೇನೋ ಎಂಬಂತೆ ತೂಗಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ಲೋಲಕವು ಅತ್ತಿತ್ತ ಆಡುವಾಗ ಅದನ್ನು ಹೊತ್ತ ಪೀಠವೂ ಅತ್ಯಲ್ಪವಾಗಿ ಅದರೊಡನೆ ಆಡುವುದೆಂದೂ, ಅದರಿಂದ ತೂಗಾಟವು ನಿಧಾನವಾಗುವುದೆಂದೂ ಬಸೇವಿಯ ಕಾಲದ ಅನಂತರ ವಿದ್ವಾಂಸರಿಗೆ ತಿಳಿದುಬಂದಿತು. ೧೯೦೩ರಿಂದ ಲೆನಾಕ್ಸ್ ಕನಿಂಗ್‌ಹ್ಯಾಮನು ಕಿರಿದಾದ ಹೊಸ ಲೋಲಕಗಳಿಂದ ಹಳೆಯ ಸ್ಥಾನಗಳಲ್ಲಿ ಪುನಃ ಪರೀಕ್ಷೆ ನಡೆಸಿದಾಗ, ಡೆಹರಾಡೂನು ಮಸೂರಿಗಳಲ್ಲಿ ಬಸೇವಿಯ ಅಂಕಿಗಳು ನಿಜಕ್ಕಿಂತ ಕಡಿಮೆಯಾಗಿದ್ದುದು ಸ್ಪಷ್ಟವಾಯಿತು. ಮೋರೆಯಲ್ಲಿ ಕಂಡ ಕೊರತೆಯೂ ಅತಿಯಾದುದೇ ಇರಬೇಕು. ಪ್ರಾಣವನ್ನು ತೆತ್ತು ಪಡೆದ ಅಂಕಿಯನ್ನು ತಿದ್ದುವುದು ಕಷ್ಟ. ಆದರೂ ಆ ಇಲಾಖೆಯು ತಿದ್ದಿತು. ತಿದ್ದಿದ ಮೇಲೂ ಮೂಲತತ್ತ್ವವು ಅಲುಗಲಿಲ್ಲ. ಹಿಮಾಲಯದಡಿಯಲ್ಲಿ ದ್ರವ್ಯದ ಕೊರತೆಯುಂಟೆಂಬುದು ಸತ್ಯವಾಗಿಯೇ ನಿಂತಿತು. ಭೂಕಂಪದ ತರಂಗಗಳನ್ನು ಅಧ್ಯಯನ ಮಾಡಿದವರು ಈಚೆಗೆ ಕಂಡುಕೊಂಡಿರುವಂತೆ, ಸಾಧಾರಣ ಭೂಖಂಡದ ಹೊರಪದರವು ಮೂವತ್ತೈದರಿಂದ ನಲವತ್ತು ಕಿಲೋಮೀಟರು ದಪ್ಪವಾಗಿದ್ದರೆ, ಟಿಬೆಟ್ಟಿನಡಿಯಲ್ಲಿ ಅದು ಎಪ್ಪತ್ತು ಕಿಲೋಮೀಟರುಗಳಷ್ಟಿದೆ. ಏರಿಯು ಕಾಗದದ ಮೇಲೆ ಊಹಿಸಿದ ಬೇರು ಕಾಲ್ಪನಿಕವಾಗಿರಲಿಲ್ಲ. ಸಮುದ್ರತಳದ ವಿಷಯದಲ್ಲಿ ಪ್ರಾಟನ ಮತಕ್ಕೂ ಒಂದು ಪಾಲು ಸತ್ಯವುಂಟೆಂದು ಇಂದಿನವರು ಒಪ್ಪುವರು.

ಪರ್ವತದಡಿಯ ವಿಚಾರವು ಹೀಗಾಗಲು, ಬಯಲಿನಡಿಯ ವಿಚಾರವೂ ಹೊರಬಂದಿತು. ೧೯೦೧ರಲ್ಲಿ ಮೋಜಿಣಿ ಇಲಾಖೆಯ ಬರ್ರಾರ್ಡ್ ಎಂಬಾತನು ಲಂಬಸೂತ್ರದ ಬಾಗುಗಳನ್ನೆಲ್ಲ ಒಟ್ಟುಗೂಡಿಸಿ, ಮಧ್ಯಭಾರತದಡಿಯಲ್ಲಿ ಹಿಮಾಲಯಕ್ಕೆ ಸರಿಸಮಾಂತರವಾಗಿ ಸಾಂದ್ರವಾದ ದ್ರವ್ಯದ ಒಂದು ಗುಪ್ತಶ್ರೇಣಿಯು ಹಾಯ್ದಿರುವುದೆಂದು ತೋರಿಸಿದನು. ನೆಲದ ಮೇಲೆ ಅದರ ಕುರುಹೇ ಇಲ್ಲ. ಗಂಗಾನದಿಯ ಬಯಲು ಭೂಮಿಯು ಸೀಳಿ ಉಂಟಾದ ಆಳವಾದ ಕಮರಿಯು ಮಣ್ಣಿನಿಂದ ತುಂಬಿದ್ದೆಂದು ಅವನು ೧೯೧೨ರಲ್ಲಿ ಸಾಧಿಸಹೊರಟನು. ಭೂಶಾಸ್ತ್ರಜ್ಞರು ಇದನ್ನು ಬಲವಾಗಿ ವಿರೋಧಿಸಿದರು. ೧೯೧೭ರಲ್ಲಿ ಓಲ್ಡ್‌ಹ್ಯಾಮನು ಅದೇ ಅಂಕಿಗಳನ್ನು ಮತ್ತೆ ವಿಚಾರಿಸಿ, ಅದು ಸೀಳಲ್ಲ, ಉತ್ತರಕ್ಕೆ ಹೋದಂತೆ ಮೆಲ್ಲಗೆ ಇಳಿಯುತ್ತ ಹೋಗುವ ತಳದ ಮೇಲೆ ನದಿಗಳು ತಂದು ತುಂಬಿದ ಮೆಕ್ಕಲು. ಹಿಮಾಲಯದ ಅಂಚಿನಲ್ಲಿ ಅದರ ಆಳವು ಹದಿನೈದರಿಂದ ಇಪ್ಪತ್ತು ಸಾವಿರ ಅಡಿಗಳಿರಬಹುದೆಂದು ನಿರ್ಣಯಿಸಿದನು. ಅನಂತರದ ಕಾಲದಲ್ಲಿ ಎಣ್ಣೆಗಾಗಿ ಕೊರೆದ ಬಾವಿಗಳೂ ಕಂಪನಪರೀಕ್ಷೆಗಳೂ ಓಲ್ಡ್‌ಹ್ಯಾಮನ ಚಿತ್ರವನ್ನೇ ಬಹುಮಟ್ಟಿಗೆ ಸಮರ್ಥಿಸಿದುವು. ಹಲಗೆಯ ಒಂದು ತುದಿಗೆ ಭಾರ ಹೇರಿದರೆ ಆ ತುದಿಯು ತಗ್ಗಿ, ಸ್ವಲ್ಪ ಈಚೆಗೆ ಹಲಗೆಯು ತು ಸು ಉಬ್ಬುವಂತೆ, ಹಿಮಾಲಯದ ಭಾರದಿಂದ ಭರತಖಂಡದ ಶಿಲಾಫಲಕವು ಗಂಗೆಯ ಬಯಲಿನಲ್ಲಿ ತಗ್ಗಿ ಮಧ್ಯಭಾರತದಲ್ಲಿ ಉಬ್ಬಿದೆಯೆಂಬುದು ಇಂದಿನ ವಿವರಣೆ. ಬರ್ರಾರ್ಡನ ಗುಪ್ತಶ್ರೇಣಿಯೆಂಬುದು ಈ ಉಬ್ಬೇ.

ಇಷ್ಟರಲ್ಲಿ ಹಂಗೆರಿ ದೇಶದ ಓಟ್ವಶ್ ಎಂಬ ಭೌತಶಾಸ್ತ್ರಜ್ಞನು ಸಣ್ಣ ತಂತಿಗೆ ತೂಗುಹಾಕಿದ ದಂಡದಿಂದ ಆಕರ್ಷಣದ ಅತಿಸೂಕ್ಷ್ಮ ವ್ಯತ್ಯಾಸಗಳನ್ನು ಹಿಡಿಯುವ ತಕ್ಕಡಿಯೊಂದನ್ನು ನಿರ್ಮಿಸಿದ್ದನು. ೧೯೦೧ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಬಲಟನ್ ಸರೋವರದ ಮಂಜಿನ ಮೇಲೆ ಅದನ್ನಿರಿಸಿ ತಳದ ಶಿಲೆಗಳ ವಿನ್ಯಾಸವನ್ನು ಪರೀಕ್ಷಿಸಿದನು. ಶುದ್ಧಜ್ಞಾನಕ್ಕಾಗಿ ಹುಟ್ಟಿದ ಈ ತಕ್ಕಡಿಯು ೧೯೨೪ರಲ್ಲಿ ಅಮೆರಿಕೆಯ ಟೆಕ್ಸಾಸಿನಲ್ಲಿ ನೆಲದಡಿಯ ಉಪ್ಪಿನ ಗುಡ್ಡವೊಂದನ್ನು ಪತ್ತೆಮಾಡಿತು. ಉಪ್ಪು ಸುತ್ತಲಿನ ಶಿಲೆಗಿಂತ ಹಗುರ. ಅದರ ಪಕ್ಕಗಳಲ್ಲಿ ಎಣ್ಣೆಯು ಸೇರಿಕೊಳ್ಳುವುದುಂಟು. ಅಂದಿನಿಂದ ಗುರುತ್ವಮಾಪನವು ಧನಾರ್ಜನೆಯ ವಿದ್ಯೆಯೂ ಆಯಿತು. ಲೋಲಕದ ಸ್ಥಾನವನ್ನು ಲೋಹದ ಸುರುಳಿಯಿಂದ ತೂಗುವ ಕೈಯಂತ್ರಗಳು ಆಕ್ರಮಿಸಿದುವು. ದಿನವೆಲ್ಲ ಹಿಡಿಯುತ್ತಿದ್ದ ಕೆಲಸವು ಕೆಲವು ನಿಮಿಷಗಳಿಗೆ ಇಳಿಯಿತು. ೧೯೬೧ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೂಭೌತ ಸಂಶೋಧನಾಲಯವು ೧೯೭೫ರಲ್ಲಿ ಇಡೀ ದೇಶದ ಗುರುತ್ವನಕ್ಷೆಗಳನ್ನು ಪ್ರಕಟಿಸಿತು. ಕನ್ನಡನಾಡಿನ ಕೋಲಾರ, ಚಿತ್ರದುರ್ಗಗಳ ಪ್ರಾಚೀನ ಶಿಲಾಪಟ್ಟಿಗಳು ಸುತ್ತಲಿನ ಬಂಡೆಗಿಂತ ಸಾಂದ್ರವಾದುದರಿಂದ, ಅವುಗಳ ಮೇಲೆ ಆಕರ್ಷಣವು ತುಸು ಹೆಚ್ಚು. ಆ ಹೆಚ್ಚಳದಿಂದಲೇ ಪಟ್ಟಿಗಳು ಎಷ್ಟು ಆಳಕ್ಕೆ ಇಳಿದಿವೆಯೆಂಬುದನ್ನು ಅಂದಾಜು ಮಾಡುವರು.

೨೦೦೨ರಲ್ಲಿ ಅಂತರಿಕ್ಷಕ್ಕೆ ಕಳುಹಿಸಿದ ಅವಳಿ ಉಪಗ್ರಹಗಳು ಈ ವಿದ್ಯೆಯನ್ನು ಇನ್ನೂ ಮುಂದಕ್ಕೊಯ್ದುವು. ಒಂದರ ಹಿಂದೊಂದು ಸುಮಾರು ಇನ್ನೂರಿಪ್ಪತ್ತು ಕಿಲೋಮೀಟರು ಅಂತರದಲ್ಲಿ ಸುತ್ತುವ ಅವು, ಕೆಳಗಿನ ಭೂಮಿಯ ಸೆಳೆತವು ಹೆಚ್ಚುಕಡಿಮೆಯಾದಂತೆ ತಮ್ಮ ನಡುವಣ ದೂರವು ಎಷ್ಟು ಬದಲಾಯಿಸುವುದೆಂಬುದನ್ನು ಅಳೆಯುತ್ತಿದ್ದುವು. ಆ ಅಳತೆಗಳನ್ನು ವಿಚಾರಿಸಿ ೨೦೦೯ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವು, ಪಂಜಾಬು, ಹರಿಯಾಣಾ, ರಾಜಸ್ಥಾನ, ದೆಹಲಿಗಳ ನೆಲದಡಿಯಿಂದ ೨೦೦೨ರ ಆಗಸ್ಟಿಗೂ ೨೦೦೮ರ ಅಕ್ಟೋಬರಿಗೂ ನಡುವೆ ೧೦೯ ಘನ ಕಿಲೋಮೀಟರು ನೀರು ಕಡಿಮೆಯಾಗಿದೆಯೆಂದು ತಿಳಿಸಿತು. ಬೇಸಾಯಕ್ಕಾಗಿ ಎತ್ತಿದ ನೀರು ಮಳೆಯಿಂದ ತುಂಬಿಬರಲಿಲ್ಲ. ಎವರೆಸ್ಟನ ಉತ್ತರದ ತುದಿಯಾದ ಕಲಿಯಾನಾವು ಹರಿಯಾಣಾದ ಗಡಿಗೆ ದೂರವಾದುದಲ್ಲ. ಅವನ ಗುಂಡು ಆ ಸೀಮೆಯಲ್ಲಿ ಪರ್ವತದಡಿಯ ಕೊರತೆಯನ್ನು ಅರಿಯದೆಯೇ ಹೇಳಿತ್ತು. ಒಂದೂವರೆ ಶತಮಾನದ ಮೇಲೆ ಅದೇ ಸೆಳೆತದ ಅಳತೆಯು ಬಾವಿಗಳಡಿಯ ಕೊರತೆಯನ್ನು ಹೇಳಿತು. ಮೊದಲನೆಯದು ಪ್ರಕೃತಿಯು ಮಾಡಿದ್ದು. ಎರಡನೆಯದು ಮನುಷ್ಯನು ಮಾಡಿದ್ದು.

ಈ ವೃತ್ತಾಂತದಲ್ಲಿ ಭಾಗಿಗಳಾದವರೆಲ್ಲರೂ ಒಂದಲ್ಲ ಒಂದು ವಿಷಯದಲ್ಲಿ ತಪ್ಪಿದವರೇ. ಎವರೆಸ್ಟನು ಪರ್ವತದ ಕೆಲಸವನ್ನು ಅಳತೆಯ ದೋಷವೆಂದು ತಿಳಿದನು. ಪ್ರಾಟನ ಲೆಕ್ಕಕ್ಕೆ ಮೂರು ಮಡಿ ಹೆಚ್ಚು ಬಂದಿತು. ಬಸೇವಿಯ ಪೀಠವು ಅಲುಗಿತು. ಬರ್ರಾರ್ಡನ ಸೀಳು ಇರಲೇ ಇಲ್ಲ. ಆದರೂ ಅವರಲ್ಲಿ ಒಬ್ಬೊಬ್ಬರ ತಪ್ಪೂ ಮುಂದಿನವನಿಗೆ ಮೆಟ್ಟಿಲಾಯಿತು. ಏಕೆಂದರೆ ಯಾರೂ ಅಂಕಿಗಳನ್ನು ಮರೆಮಾಡಲಿಲ್ಲ. ಅಂದು ಕಲಿಯಾನಾದ ಲೆಕ್ಕವನ್ನು ಅಂದವಾಗಿ ಕಾಣಿಸಬೇಕೆಂದು ಐದು ವಿಕಲೆಗಳನ್ನು ಅಳಿಸಿಬಿಟ್ಟಿದ್ದರೆ ಭರತಖಂಡದ ನಕ್ಷೆಗೆ ಯಾವ ಹಾನಿಯೂ ಆಗುತ್ತಿರಲಿಲ್ಲ. ಪರ್ವತಗಳಿಗೆ ಬೇರುಂಟೆಂಬುದು ಮಾತ್ರ ಇನ್ನೆಷ್ಟು ಕಾಲ ತಿಳಿಯದೆ ಉಳಿಯುತ್ತಿತ್ತೋ ಹೇಳಬರುವಂತಿಲ್ಲ.